ಡಿಶ್ಶಿನ ದೃಷ್ಟಿ, ಕೇಬಲಿನ ದಾರಿ

ಮಲೆನಾಡಿನ ತೋಟದ ಮನೆಗಳಲ್ಲಿ ವಾಸಿಸುವವರಿಗೆ ಟಿ.ವಿ. ಎಂಬುದು ಮೊದಲಿನಿಂದಲೂ ಎತ್ತರದಿಂದ ಸಾಧಿಸಬೇಕಾದ ವಸ್ತುವಾಗಿಯೇ ಪರಿಚಯವಾದುದು. ಪ್ರಸಾರಗೋಪುರದಿಂದ ಹೊರಟ ಅಲೆಗಳು ಗುಡ್ಡಗಳನ್ನು ದಾಟಿ ಕಣಿವೆಯ ಮನೆಗೆ ಇಳಿಯಲಾರವಾದುದರಿಂದ, ಹಿಂದೆ ಆಂಟೆನಾವನ್ನು ಉದ್ದನೆಯ ಕಂಬದ ತುದಿಗೆ ಕಟ್ಟುವುದು, ಅದೂ ಸಾಲದೆಹೋದರೆ ಗುಡ್ಡದ ನೆತ್ತಿಗೇ ಒಯ್ದು ಅಲ್ಲಿಂದ ತಂತಿಯೆಳೆಯುವುದು ರೂಢಿಯಾಗಿದ್ದಿತು. ಡಿಶ್ ಬಂದ ಮೇಲೂ ಆ ರೂಢಿಯ ಸಂಸ್ಕಾರ ಅಳಿಯಲಿಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಹೆಂಚಿನ ಮನೆಗೆ ಡಿಶ್ ಕೂರಿಸುವ ಪ್ರಸಂಗ ಒದಗಿದಾಗ, ಅಂಗಳದ ಮೂಲೆಯೇ ಸಾಕೆಂದು ನಾನು ಹೇಳಿದುದಕ್ಕೆ ನಮ್ಮ ದೊಡ್ಡಪ್ಪನವರು, “ನೆಲದ ಮೇಲೆ ಕೂತ್ರೆ ಅದಕ್ಕೆ ಎಂಥ ಸಿಗ್ತದೆ ಮಾರಾಯ, ಮಾಡಿನ ಮೇಲೆ ಏರಿಸು” ಎಂದರು. ಆದರೂ ಅದನ್ನು ಅಂಗಳದಲ್ಲೇ ನಿಲ್ಲಿಸಿ ಹಲವು ಮಳೆಗಾಲಗಳನ್ನು ಕಳೆದ ಬಳಿಕ, ಈ ಕಾರ್ಯದಲ್ಲಿ ಎತ್ತರಕ್ಕೆ ಸ್ವತಂತ್ರವಾದ ಬೆಲೆಯೇ ಇಲ್ಲವೆಂಬುದೂ, ಬೇಕಾದುದು ಆಕಾಶದ ಒಂದು ಬಿಂದುವಿನತ್ತ ನಿರಾತಂಕವಾದ ದೃಷ್ಟಿ ಮತ್ತು ಅಲ್ಲಿಂದ ಬಂದುದನ್ನು ಮನೆಯೊಳಕ್ಕೆ ಒಯ್ಯುವ ಹ್ರಸ್ವವಾದ ದಾರಿ, ಇವೆರಡೇ ಎಂಬುದೂ ನನಗೆ ದೃಢವಾಗಿದೆ.

ಕಾರಣ ಸುಲಭವಾದುದು. ಭೂಸ್ಥಿರ ಉಪಗ್ರಹವು ಸಮಭಾಜಕವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುವಾಗ, ಮಾಡಿನ ಹದಿನೈದು ಅಡಿಗಳು ಯಾವ ಲೆಕ್ಕಕ್ಕೂ ಬಾರವು. ನಮ್ಮ ಡಿಶ್ ನೋಡುತ್ತಿರುವುದು 2015ರ ನವೆಂಬರಿನಲ್ಲಿ ಉಡಾವಣೆಗೊಂಡು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಗೊಂಡ ಜಿಸ್ಯಾಟ್-15 ಅನ್ನು. ಅದು ನಮ್ಮಲ್ಲಿಗೆ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲಕ್ಕೆ ಇರುವುದರಿಂದ, ಆ ದಿಕ್ಕಿನಲ್ಲಿ ಹತ್ತು ಮೀಟರ್ ದೂರ ನಿಂತ ಅಡಿಕೆಮರವು ಡಿಶ್ಶಿಗಿಂತ ಇಪ್ಪತ್ತು ಮೀಟರಿನಷ್ಟು ಎತ್ತರ ಬೆಳೆದ ಹೊರತು ದೃಷ್ಟಿಗೆ ಅಡ್ಡಬಾರದು. ದೂರದ ಎರಡರಷ್ಟು ಎತ್ತರವೆಂಬ ಈ ಸೂತ್ರವನ್ನು ನೆನಪಿಟ್ಟುಕೊಂಡು, ಇಂದಿನ ಸಸಿ ಇನ್ನು ಹತ್ತು ವರ್ಷಕ್ಕೆ ಎಷ್ಟಾದೀತೆಂಬುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ನೋಡುವವರನ್ನು ದಾರಿತಪ್ಪಿಸುವ ಇನ್ನೊಂದು ಅಂಶವೂ ಇದೆ: ಮನೆಗಳ ಡಿಶ್ಶಿನಲ್ಲಿ ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿ ನಡುವೆ ನಿಲ್ಲದೆ ಕೆಳತುದಿಯಿಂದ ಚಾಚಿರುವುದರಿಂದ, ಅದರ ಮುಖ ತೋರುವ ದಿಕ್ಕಿಗಿಂತ ಅದರ ನಿಜವಾದ ನೋಟ ಬಹಳ ಮೇಲಕ್ಕಿರುತ್ತದೆ.

ಸ್ಥಳವನ್ನು ಪರೀಕ್ಷಿಸಲು ಸೂರ್ಯನಿಗಿಂತ ಪ್ರಾಮಾಣಿಕನಾದ ಸಾಕ್ಷಿ ಬೇರಿಲ್ಲ. ಮಾರ್ಚ್ ತಿಂಗಳ ನಡುವೆ ಕೆಲವು ದಿನ, ಬೆಳಗಿನ ಹನ್ನೊಂದು ದಾಟಿದ ಹೊತ್ತಿಗೆ, ನಮ್ಮ ಸೀಮೆಯಿಂದ ನೋಡಿದರೆ ಸೂರ್ಯನು ಈ ಉಪಗ್ರಹದ ಬೆನ್ನಿಗೇ ಬಂದು ನಿಲ್ಲುತ್ತಾನೆ. ಆಗ ಕೆಲವು ನಿಮಿಷ ಚಿತ್ರ ಕೆಡುವುದೂ ಉಂಟು. ಆ ಹೊತ್ತಿನಲ್ಲಿ ಅಂಗಳದ ಯಾವ ಮೂಲೆಯಲ್ಲಿ ಪೂರ್ಣ ಬಿಸಿಲಿರುವುದೋ ಆ ಮೂಲೆಯಿಂದ ಉಪಗ್ರಹಕ್ಕೆ ದಾರಿ ತೆರೆದಿದೆಯೆಂದೂ, ನೆರಳಿದ್ದರೆ ಇಲ್ಲವೆಂದೂ ನಿಸ್ಸಂಶಯವಾಗಿ ತಿಳಿಯಬಹುದು. ನಾನು ಹಾಗೆ ಆರಿಸಿದ ಮೂಲೆಯಲ್ಲಿ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ಹೂಳಿಸಿ, ಅದು ನೆಟ್ಟಗೆ ನಿಂತಿದೆಯೆಂಬುದನ್ನು ತೂಗುಗುಂಡಿನಿಂದ ನೋಡಿಸಿದೆನು. ಅರವತ್ತು ಸೆಂಟಿಮೀಟರಿನ ಡಿಶ್ಶಿನ ದೃಷ್ಟಿಯ ಅಗಲ ಮೂರು ಡಿಗ್ರಿಯ ಆಸುಪಾಸಿನದಾದ್ದರಿಂದ, ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವ ಮಾಡಿನ ಮರಕ್ಕಿಂತ ನೆಲದ ಆಧಾರ ಎಷ್ಟೋ ವಿಶ್ವಾಸಾರ್ಹವಾದುದು. ಅಲ್ಲದೆ ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಹೆಂಚನ್ನು ಹತ್ತುವ ಅಪಾಯವೂ ತಪ್ಪುತ್ತದೆ.

ಇನ್ನು ಕೇಬಲ್. ಉಪಗ್ರಹದ ಅತ್ಯುಚ್ಚ ಕಂಪನಾಂಕವನ್ನು ಎಲ್‌ಎನ್‌ಬಿ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲಿಗೆ ಒಪ್ಪಿಸುತ್ತದೆ. ಆರ್‌ಜಿ-6 ಕೇಬಲಿನಲ್ಲಿಯೂ ಈ ಸಿಗ್ನಲ್ ಪ್ರತಿ ಮೀಟರಿಗೂ ಕ್ಷೀಣಿಸುವುದರಿಂದ ಉದ್ದ ಕಡಿಮೆಯಾದಷ್ಟೂ ಒಳಿತು, ನಡುವೆ ಜೋಡಣೆ ಇಲ್ಲದಿದ್ದರೆ ಇನ್ನೂ ಒಳಿತು. ಟಿ.ವಿ.ಯ ಸೆಟ್‌ಟಾಪ್ ಬಾಕ್ಸಿನಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟಿನ ವಿದ್ಯುತ್ತು ಹೋಗುವುದೂ ಅದೇ ಕೇಬಲಿನಲ್ಲಿ. ಈ ವೋಲ್ಟೇಜೇ ಲಂಬ ಅಥವಾ ಅಡ್ಡ ಧ್ರುವೀಕರಣದ ಅಲೆಗಳನ್ನು ಆರಿಸುವ ಆಜ್ಞೆಯೂ ಆಗಿರುವುದರಿಂದ, ಎರಡು ಕೋಣೆಗಳ ಬಾಕ್ಸುಗಳು ಒಂದೇ ಕೇಬಲನ್ನು ಕವಲೊಡೆಸಿಕೊಂಡರೆ ಒಂದರ ಆಜ್ಞೆ ಇನ್ನೊಂದಕ್ಕೆ ಬಾಧಕವಾಗುತ್ತದೆ. ಎರಡು ಟಿ.ವಿ.ಗಳಿಗೆ ಎರಡು ಔಟ್‌ಪುಟ್ಟಿನ ಎಲ್‌ಎನ್‌ಬಿಯೂ ಅದರಿಂದ ಹೊರಟ ಎರಡು ಪ್ರತ್ಯೇಕ ಕೇಬಲ್‌ಗಳೂ ಆವಶ್ಯಕ.

ಮಲೆನಾಡಿನಲ್ಲಿ ಕೇಬಲಿನ ಪರಮಶತ್ರು ನೀರು. ಎಲ್‌ಎನ್‌ಬಿಯ ಕನೆಕ್ಟರಿಗೆ ಸ್ವಯಂ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಬೇಕು. ಗೋಡೆಯ ರಂಧ್ರವನ್ನು ಹೊರಕ್ಕೆ ಇಳಿಜಾರಾಗಿ ಕೊರೆಯಿಸಿ, ಒಳಹೋಗುವ ಮುನ್ನ ಕೇಬಲನ್ನು ಒಂದಿಷ್ಟು ಕೆಳಕ್ಕೆ ಜೋಲಿಸಿದರೆ, ಅದರ ಮೈಗುಂಟ ಬಂದ ನೀರು ಆ ಜೋಲಿನಿಂದಲೇ ನೆಲಕ್ಕೆ ತೊಟ್ಟಿಕ್ಕುತ್ತದೆ. ಇಲಿಗಳ ಹಲ್ಲಿನಿಂದಲೂ ಬಿಸಿಲಿನಿಂದಲೂ ರಕ್ಷಿಸಲು ಕೇಬಲ್ ಪೈಪಿನೊಳಗಿರಬೇಕು. ತಿರುವುಗಳು ಮೊಣಕಾಲಿನಂತೆ ಮಡಚದೆ ವಿಶಾಲವಾಗಿರಬೇಕು. ಪೈಪಿನಲ್ಲಿ ಒಂದು ನೈಲಾನ್ ಹುರಿಯನ್ನೂ ಬಿಟ್ಟಿದ್ದರೆ ಮುಂದೆ ಬೇರೊಂದು ಕೇಬಲನ್ನು ಎಳೆಯುವುದು ಸುಲಭ.

ಎಲ್ಲ ಜಾಗ್ರತೆಯ ಅನಂತರವೂ ಎರಡು ಸಂಗತಿಗಳು ನಮ್ಮ ವಶಕ್ಕೆ ಪೂರ್ಣವಾಗಿ ಬಾರವು. ಉಪಗ್ರಹದ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರವಾದುದರಿಂದ ಜಡಿಮಳೆಯ ದಪ್ಪ ಹನಿಗಳು ಅವನ್ನು ಹೀರಿಯೂ ಚದುರಿಸಿಯೂ ಚಿತ್ರವನ್ನು ನಿಲ್ಲಿಸುತ್ತವೆ; ಕರಾರುವಾಕ್ಕಾಗಿ ತಿರುಗಿಸಿದ, ತುಸು ದೊಡ್ಡದಾದ ಡಿಶ್ಶಿನಿಂದ ಆ ಅಡಚಣೆಯ ಅವಧಿಯನ್ನು ಕುಗ್ಗಿಸಬಹುದಷ್ಟೆ. ಮುಂಗಾರಿಗೆ ಮುನ್ನಿನ ಗುಡುಗುಮಳೆಯ ಸಿಡಿಲಿಗಾದರೋ, ಕಂಬಕ್ಕೆ ಅರ್ತಿಂಗ್ ಮಾಡಿಸಿದ್ದರೂ, ಮೋಡ ಕವಿಯುತ್ತಲೇ ಬಾಕ್ಸಿನಿಂದ ಕೇಬಲನ್ನೂ ಪ್ಲಗ್ಗನ್ನೂ ಕಳಚಿಡುವುದೇ ಕ್ಷೇಮ.

ಹೊಸ ಮನೆ ಕಟ್ಟಿಸುವವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ವಿದ್ಯುತ್ತಿನ ಪೈಪುಗಳಿಗೆಂದು ಗೋಡೆಯನ್ನು ಕಡಿಯುವಾಗಲೇ, ಅವುಗಳಿಂದ ದೂರವಾಗಿ, ಟಿ.ವಿ. ಇಡುವ ಪ್ರತಿ ಕೋಣೆಯಿಂದಲೂ ಆಗ್ನೇಯದ ಹೊರಗೋಡೆಗೆ ಒಂದೊಂದು ಖಾಲಿ ಪೈಪನ್ನು ಹಾಯಿಸಿಡಿರಿ. ಅಂದು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಆ ಕೆಲಸಕ್ಕೆ, ಗಿಲಾವು ಬಣ್ಣಗಳೆಲ್ಲ ಮುಗಿದ ಮೇಲೆ ಗೋಡೆಯನ್ನೇ ಮತ್ತೆ ಒಡೆಯಬೇಕಾಗುತ್ತದೆ.