‘ಸ್ಟಾರ್ಟ್’ ಎಂದರೇನು?

ಮಕ್ಕಳೇ, ಬೆಳಗ್ಗೆ ಎದ್ದು ಶಾಲೆಗೆ ಬರುವಷ್ಟರಲ್ಲಿ ‘ಸ್ಟಾರ್ಟ್’ ಎಂಬ ಪದವನ್ನು ನೀವು ಎಷ್ಟು ಸಲ ಕೇಳುತ್ತೀರಿ? “ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲ” ಎನ್ನುತ್ತಾರೆ ಅಪ್ಪ. “ಪಂಪು ಸ್ಟಾರ್ಟ್ ಮಾಡು ಮಗಾ” ಎಂದು ಅಡಿಕೆ ತೋಟದಿಂದ ಅಜ್ಜ ಕೂಗುತ್ತಾರೆ. ಇದು ಇಂಗ್ಲಿಷ್ ಪದ. ಈಗ ನಮ್ಮ ಮಾತಿನಲ್ಲೂ ಸೇರಿಹೋಗಿದೆ. ಇದರ ಅರ್ಥವೇನು? ಇದನ್ನು ಎಲ್ಲಿ ಬಳಸಬೇಕು? ತಿಳಿಯೋಣ.

ಜಿಗಿತದಿಂದ ಹುಟ್ಟಿದ ಅರ್ಥ

ಹಿಂದೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಎಂದರೆ ಥಟ್ಟನೆ ಜಿಗಿಯುವುದು ಎಂದು ಅರ್ಥವಿತ್ತು. ಬೆಚ್ಚಿಬೀಳಿಸು ಎಂಬ ಅರ್ಥದ ‘ಸ್ಟಾರ್ಟಲ್’ ಇದರ ಬಳಗದ ಪದ. ನಿಂತದ್ದು ಜಿಗಿದಾಗ ಚಲನೆ ಮೊದಲಾಗುತ್ತದೆಯಲ್ಲವೇ? ಹೀಗೆ ಆ ಪದಕ್ಕೆ ‘ಹೊರಡು’, ‘ಆರಂಭಿಸು’ ಎಂಬ ಅರ್ಥಗಳು ಬಂದವು.

ಓಟದ ಪಂದ್ಯದಲ್ಲಿ ಆ ಹಳೆಯ ಅರ್ಥ ಇಂದಿಗೂ ಕಾಣುತ್ತದೆ. ಓಟಗಾರರು ಗೆರೆಯ ಹಿಂದೆ ಬಾಗಿ ನಿಲ್ಲುತ್ತಾರೆ. ಸದ್ದು ಕೇಳಿದೊಡನೆ ಜಿಗಿದು ಓಡುತ್ತಾರೆ. ಸದ್ದಿಗೆ ಮೊದಲೇ ಓಡಿದರೆ ಅದು ‘ಫಾಲ್ಸ್ ಸ್ಟಾರ್ಟ್’, ಅಂದರೆ ತಪ್ಪು ಆರಂಭ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿ 100 ಮೀಟರ್ ಅಂತಿಮ ಓಟದಲ್ಲಿ ಉಸೇನ್ ಬೋಲ್ಟ್ ಸದ್ದಿಗೆ ಮೊದಲೇ ಜಿಗಿದರು. ಅಷ್ಟು ದೊಡ್ಡ ಓಟಗಾರನೂ ಪಂದ್ಯದಿಂದ ಹೊರಗೆ ಹೋಗಬೇಕಾಯಿತು.

ಯಂತ್ರವೂ ‘ಸ್ಟಾರ್ಟ್’ ಪದವೂ

ಯಂತ್ರ ತಾನಾಗಿ ಚಲಿಸತೊಡಗುವುದಿಲ್ಲ. ಮೊದಲ ತಳ್ಳು ಹೊರಗಿನಿಂದ ಸಿಗಬೇಕು. ಹಿಂದಿನ ಕಾಲದಲ್ಲಿ ಕಾರಿನ ಮುಂದೆ ನಿಂತು ಕಬ್ಬಿಣದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದರು. ಹಿಡಿಕೆ ಹಿಂದಕ್ಕೆ ಬಡಿದು ಕೈ ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರು ವಿದ್ಯುತ್ತಿನಿಂದ ನಡೆಯುವ ‘ಸ್ಟಾರ್ಟರ್’ ರೂಪಿಸಿದರು. ಅದು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಈಗ ಗುಂಡಿ ಒತ್ತಿದರೆ ಸಾಕು.

ಇಂಗ್ಲಿಷಿನಲ್ಲಿ ಆರಂಭಿಸು ಎನ್ನಲು ‘ಬಿಗಿನ್’ ಎಂಬ ಪದವೂ ಇದೆ. ಮಳೆ, ಪಾಠ, ಕೆಲಸ ಇವುಗಳಿಗೆ ಎರಡು ಪದಗಳೂ ಒಪ್ಪುತ್ತವೆ. ಆದರೆ ಯಂತ್ರಕ್ಕೆ ‘ಸ್ಟಾರ್ಟ್’ ಮಾತ್ರ ಸರಿ, ‘ಬಿಗಿನ್’ ತಪ್ಪು. ಭೂತಕಾಲದಲ್ಲಿ ‘ಸ್ಟಾರ್ಟ್’ ಎಂಬುದು ‘ಸ್ಟಾರ್ಟೆಡ್’ ಆಗುತ್ತದೆ. ‘ಬಿಗಿನ್’ ಎಂಬುದು ‘ಬಿಗ್ಯಾನ್’ ಆಗುತ್ತದೆ.

ನಮ್ಮ ನುಡಿಯಲ್ಲಿ

ಕನ್ನಡದಲ್ಲಿ ಆರಂಭವನ್ನು ಹೇಳುವ ಪದಗಳು ಹಲವು. ‘ಆರಂಭ’, ‘ಪ್ರಾರಂಭ’ ಸಂಸ್ಕೃತದಿಂದ ಬಂದವು. ‘ಶುರು’ ಅರಬ್ಬಿ ಮೂಲದ ಪದ. ‘ಮೊದಲು’, ‘ತೊಡಗು’ ದ್ರಾವಿಡ ಪದಗಳು. ಮಲಯಾಳದ ‘ತುಡಙ್ಙುಕ’ ನೀವು ಕೇಳಿದ್ದೀರಲ್ಲವೇ? ಅದೂ ನಮ್ಮ ‘ತೊಡಗು’ ಪದವೂ ಒಂದೇ ಬೇರಿನಿಂದ ಚಿಗುರಿದವು.

ಇಷ್ಟೇ ಅಲ್ಲ. ಕನ್ನಡದಲ್ಲಿ ಒಂದೊಂದು ಕೆಲಸದ ಆರಂಭಕ್ಕೂ ಅದರದೇ ಮಾತು ಇರುತ್ತದೆ. ಇವನ್ನು ಗಮನಿಸಿರಿ:

ಬಸ್ಸು ಹೊರಟಿತು.
ಮಳೆ ಹಿಡಿಯಿತು.
ಅಮ್ಮ ಒಲೆ ಹಚ್ಚಿದಳು.
ರೈತ ನೇಗಿಲು ಹೂಡಿದನು.
ಅಜ್ಜ ಮಾತು ತೆಗೆದರು.
ಮಗು ಅಳತೊಡಗಿತು.

‘ಮಳೆ ಹಿಡಿಯಿತು’ ಎಂದಾಗ ಬೇಗ ಬಿಡದ ಮಳೆ ಕಣ್ಣಿಗೆ ಕಟ್ಟುತ್ತದೆ. ‘ನೇಗಿಲು ಹೂಡಿದನು’ ಎಂದಾಗ ಎತ್ತೂ ನೊಗವೂ ಕಾಣುತ್ತವೆ. ಇವೆಲ್ಲಕ್ಕೂ ‘ಸ್ಟಾರ್ಟ್ ಆಯಿತು’, ‘ಸ್ಟಾರ್ಟ್ ಮಾಡಿದ’ ಎಂದರೆ ಅರ್ಥವಾಗುತ್ತದೆ, ಆದರೆ ಆ ಚಿತ್ರ ಕಾಣುವುದಿಲ್ಲ. ಬಳಸದ ಕತ್ತಿಗೆ ತುಕ್ಕು ಹಿಡಿಯುತ್ತದೆ. ಬಳಸದ ಪದವೂ ಹಾಗೆಯೇ ಮರೆತುಹೋಗುತ್ತದೆ.

ಹಾಗೆಂದು ಹೊರಗಿನ ಪದ ಬೇಡವೆಂದಲ್ಲ. ‘ಶುರು’ ಕೂಡ ಒಂದು ಕಾಲದಲ್ಲಿ ಹೊರಗಿನಿಂದ ಬಂದದ್ದೇ. ಸ್ಕೂಟರಿಗೆ ‘ಸ್ಟಾರ್ಟ್’ ಇರಲಿ. ಮಳೆಗೆ, ಒಲೆಗೆ, ನೇಗಿಲಿಗೆ ಅವುಗಳದೇ ಮಾತು ಇರಲಿ. ಎರಡನ್ನೂ ಕಲಿತವರ ಮಾತು ಶ್ರೀಮಂತವಾಗುತ್ತದೆ.

ಪದಗಳ ಅರ್ಥ

ಹೂಡು – ನೊಗಕ್ಕೆ ಕಟ್ಟು, ಆರಂಭಿಸು
ನೊಗ – ಎತ್ತುಗಳ ಹೆಗಲ ಮೇಲಿಡುವ ಮರ
ಕಣ್ಣಿಗೆ ಕಟ್ಟು – ಕಂಡಂತೆ ಆಗು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಸ್ಟಾರ್ಟ್’ ಪದದ ಹಳೆಯ ಅರ್ಥವೇನು?
2. ‘ಫಾಲ್ಸ್ ಸ್ಟಾರ್ಟ್’ ಎಂದರೇನು?
3. ‘ತೊಡಗು’ ಪದದ ಬಳಗಕ್ಕೆ ಸೇರಿದ ಮಲಯಾಳ ಪದ ಯಾವುದು?

ಆ) ‘ಸ್ಟಾರ್ಟ್’ ಬದಲು ಸರಿಯಾದ ಕನ್ನಡ ಮಾತು ಬಳಸಿ ಬರೆಯಿರಿ.
1. ಮಗು ನಗಲು ಸ್ಟಾರ್ಟ್ ಮಾಡಿತು.
2. ರೈಲು ಎಂಟು ಗಂಟೆಗೆ ಸ್ಟಾರ್ಟ್ ಆಯಿತು.

ಇ) ಮಾಡಿ ನೋಡಿರಿ.
ನೇಯುವುದು, ಮೀನು ಹಿಡಿಯುವುದು, ಮನೆ ಕಟ್ಟುವುದು – ಇಂಥ ಕೆಲಸಗಳನ್ನು ಆರಂಭಿಸುವಾಗ ಯಾವ ಮಾತು ಬಳಸುತ್ತಾರೆ? ಮನೆಯ ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ. ತರಗತಿಯಲ್ಲಿ ಓದಿ ಹೇಳಿರಿ.