ಸೀತಾಫಲದ ಬೀಜ

ಮಳೆಗಾಲ ಮುಗಿಯುತ್ತಲೇ ನಮ್ಮ ಹೈದರಾಬಾದಿನ ಬೀದಿಗಳಿಗೆ ಸೀತಾಫಲದ ಬುಟ್ಟಿಗಳು ಬರುತ್ತವೆ. ಅವುಗಳಲ್ಲಿ ಕೆಲವು ಹಣ್ಣುಗಳು ಒಂದು ಮಗ್ಗುಲಲ್ಲಿ ಕುಗ್ಗಿರುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವನ್ನು ಹೂವಿನಲ್ಲಿಯೇ ಹುಡುಕಬೇಕು.

ಸೀತಾಫಲದ ಒಂದು ಹೂವಿನಲ್ಲಿ ಅನೇಕ ಅಂಡಾಶಯಗಳು ಒತ್ತಾಗಿ ಕೂಡಿರುತ್ತವೆ. ಒಂದೊಂದರಲ್ಲಿಯೂ ಒಂದೇ ಅಂಡಕ. ಶಲಾಕಾಗ್ರದ ಮೇಲೆ ಬಿದ್ದ ಪರಾಗಕಣವು ಸಣ್ಣ ನಳಿಕೆಯೊಂದನ್ನು ಬೆಳೆಸಿ, ಅಂಡಕವನ್ನು ಹೊಕ್ಕು, ಎರಡು ಪುರುಷಾಣುಗಳನ್ನು ಬಿಡುತ್ತದೆ. ಒಂದು ಅಂಡಾಣುವಿನೊಡನೆ ಕೂಡಲು ಭ್ರೂಣವೂ, ಮತ್ತೊಂದು ನಡುವಣ ಕೋಶವನ್ನು ಸೇರಲು ಭ್ರೂಣಕ್ಕೆ ಬೇಕಾದ ಆಹಾರವೂ ಉಂಟಾಗುತ್ತವೆ. ಈ ಇಮ್ಮಡಿ ನಿಷೇಚನವನ್ನು ರಷ್ಯದ ನವಾಶಿನ್ 1898ರಲ್ಲಿ ಕಂಡುಹಿಡಿದರು. ಅಂಡಕದ ಹೊದಿಕೆಯೇ ಗಟ್ಟಿಯಾಗಿ ಬೀಜದ ಕರಿಯ ಸಿಪ್ಪೆಯಾಗುತ್ತದೆ. ಬೀಜವನ್ನು ಸೀಳಿದರೆ ಒಳಗೆಲ್ಲ ಸುಕ್ಕುಸುಕ್ಕಾದ ಆಹಾರವೇ. ಭ್ರೂಣವು ಒಂದು ತುದಿಯಲ್ಲಿ ಅತಿ ಚಿಕ್ಕದಾಗಿ ಅಡಗಿರುತ್ತದೆ. (ಬೀಜದ ಪುಡಿ ವಿಷವುಳ್ಳದ್ದು, ಕಣ್ಣಿಗೆ ತಾಗಿಸಕೂಡದು.)

ಪರಾಗ ದೊರೆಯದ ಅಂಡಾಶಯವು ಸರಿಯಾಗಿ ಬೆಳೆಯದು. ಹಣ್ಣು ಆ ಕಡೆಗೆ ಕುಗ್ಗುತ್ತದೆ. ಈ ಹೂವಿನಲ್ಲಿ ಶಲಾಕಾಗ್ರವು ಮೊದಲು ಸಿದ್ಧವಾಗುತ್ತದೆ, ಪರಾಗ ಉದುರುವುದು ಆಮೇಲೆ. ಆದುದರಿಂದ ಬೇರೊಂದು ಹೂವಿನ ಪರಾಗವನ್ನು ಪುಟ್ಟ ಜೀರುಂಡೆಗಳು ಹೊತ್ತು ತರಬೇಕು. ಅವು ಸಾಲದೆಡೆಯಲ್ಲಿ ತೋಟಗಾರರು ತಾವೇ ಕುಂಚದಿಂದ ಪರಾಗವನ್ನು ಹಚ್ಚುವುದೂ ಉಂಟು.