ವರದಿಯ ಗಣಕಕ್ಕೂ ಸರ್ವರಿಗೂ ಸಂಪರ್ಕ ತಪ್ಪಿದಾಗ ಮಾಡತಕ್ಕ ಪರೀಕ್ಷೆಗಳು

ಬೆಳೆಯನ್ನು ಚೆನ್ನಾಗಿ ಬೆಳೆಯುವುದು ಎಷ್ಟು ಮುಖ್ಯವೋ, ಪೇಟೆಯಲ್ಲಿ ನಡೆಯುತ್ತಿರುವ ಧಾರಣೆಯನ್ನು ಕಾಲಕ್ಕೆ ಸರಿಯಾಗಿ ತಿಳಿಯುವುದೂ ರೈತನಿಗೆ ಅಷ್ಟೇ ಮುಖ್ಯವಾದುದು. ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಯ ಪ್ರಾಂಗಣಕ್ಕೆ ಚಿತ್ರದುರ್ಗದ ಸೀಮೆಯಿಂದಲೂ ಉತ್ತರದ ಜಿಲ್ಲೆಗಳಿಂದಲೂ ಈರುಳ್ಳಿಯು ಲಾರಿಗಳಲ್ಲಿ ಬರುವುದಷ್ಟೆ. ಸಂಜೆ ಲಾರಿಗೆ ಚೀಲ ತುಂಬುವ ರೈತನು ಆ ದಿನದ ಆವಕವನ್ನೂ, ಕನಿಷ್ಠ ಗರಿಷ್ಠ ಬೆಲೆಗಳನ್ನೂ, ಹೆಚ್ಚಿನ ಮಾಲು ಯಾವ ಬೆಲೆಗೆ ಮಾರಾಟವಾಯಿತೆಂಬ ಮಾದರಿ ಬೆಲೆಯನ್ನೂ ತಿಳಿದೇ ಹೊರಡಲು ಇಚ್ಛಿಸುತ್ತಾನೆ. ೨೦೦೦ದಲ್ಲಿ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಏರ್ಪಾಡೂ, ೨೦೧೪ರಲ್ಲಿ ನಮ್ಮ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯೂ ಬಂದ ತರುವಾಯ, ಈ ಅಂಕಿಗಳು ಗಣಕಯಂತ್ರಗಳ ಮೂಲಕವೇ ಸಂಚರಿಸುತ್ತಿವೆ.

ಇಂಥ ಏರ್ಪಾಡಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಅಂಕಿಅಂಶಗಳೆಲ್ಲ ಕೂಡಿಟ್ಟಿರುವ ಉಗ್ರಾಣವು ಒಂದು. ಇದಕ್ಕೆ ಡೇಟಾಬೇಸ್ ಎಂದು ಹೆಸರು, ಇದು ಸರ್ವರ್ ಎಂಬ ಯಂತ್ರದಲ್ಲಿರುತ್ತದೆ. ಆ ಉಗ್ರಾಣದಿಂದ ಬೇಕಾದುದನ್ನು ತೆಗೆದು ಪಟ್ಟಿಯಾಗಿ ಜೋಡಿಸಿಕೊಡುವ ವರದಿ ತಂತ್ರಾಂಶವು ಇನ್ನೊಂದು. ಇವೆರಡರ ನಡುವೆ ಸಂಪರ್ಕವು ತಪ್ಪಿದರೆ ಉಗ್ರಾಣ ತುಂಬಿದ್ದರೂ ವರದಿ ಹೊರಡುವುದಿಲ್ಲ. ಆಗ ಕಂಡಕಂಡುದನ್ನೆಲ್ಲ ಬದಲಾಯಿಸುವುದು ತರವಲ್ಲ. ಗದ್ದೆಗೆ ನೀರು ಬಾರದಿದ್ದರೆ ನೀರುಗಂಟಿಯು ಕೆರೆಯ ತೂಬಿನಿಂದ ಕಾಲುವೆಯ ಕೊನೆಯವರೆಗೆ ನಡೆದು ನೋಡುತ್ತಾನೆಯೇ ಹೊರತು ಕೆರೆಯ ಏರಿಯನ್ನು ಅಗೆಯುವುದಿಲ್ಲ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸತಕ್ಕದ್ದು.

(೧) ದೋಷದ ಮಾತನ್ನು ಬರೆದುಕೊಳ್ಳುವುದು.—ಯಂತ್ರವು ತೋರಿಸಿದ ಮಾತನ್ನು ಅಕ್ಷರಶಃ, ಸಂಖ್ಯೆ ಮತ್ತು ವೇಳೆಯೊಡನೆ ಬರೆದಿಡಬೇಕು. ದೋಷವು ಒಂದೇ ಗಣಕದಲ್ಲಿಯೋ ಎಲ್ಲದರಲ್ಲಿಯೋ, ನಿನ್ನೆ ಸರಿಯಾಗಿತ್ತೋ, ನಡುವೆ ಏನನ್ನು ಬದಲಾಯಿಸಿದರು ಎಂಬುದನ್ನು ವಿಚಾರಿಸಬೇಕು. ಒಂದು ಗಣಕದಲ್ಲಿ ಮಾತ್ರ ದೋಷವಿದ್ದರೆ ಕಾರಣವು ಬಹುಮಟ್ಟಿಗೆ ಆ ಗಣಕದಲ್ಲಿಯೇ ಇರುತ್ತದೆ. ಎಲ್ಲದರಲ್ಲಿಯೂ ಇದ್ದರೆ ಸರ್ವರಿನಲ್ಲಿಯೋ ಹಾದಿಯಲ್ಲಿಯೋ ಹುಡುಕಬೇಕು.

(೨) ಸರ್ವರು ಎಚ್ಚರವಾಗಿದೆಯೇ?—ಯಂತ್ರಕ್ಕೆ ವಿದ್ಯುತ್ತು ಇದ್ದ ಮಾತ್ರಕ್ಕೆ ಡೇಟಾಬೇಸಿನ ಸೇವೆಯು ನಡೆಯುತ್ತಿದೆಯೆಂದು ತಿಳಿಯಕೂಡದು. ವಿದ್ಯುತ್ತು ಹೋಗಿ ಬಂದಮೇಲೆ ಯಂತ್ರವು ಎದ್ದು, ಸೇವೆಯು ಏಳದಿರುವುದುಂಟು. ಸರ್ವರಿನ ಬಳಿಯೇ ಕುಳಿತು ಡೇಟಾಬೇಸನ್ನು ತೆರೆದು ನೋಡಿದರೆ ಸಂದೇಹವು ತೀರುವುದು. ತಟ್ಟೆಯಲ್ಲಿ ಸ್ಥಳವು ತುಂಬಿಹೋಗಿದೆಯೇ ಎಂಬುದನ್ನೂ ಆಗಲೇ ನೋಡಬೇಕು.

(೩) ಹೆಸರೂ ವಿಳಾಸವೂ.—ವರದಿ ತಂತ್ರಾಂಶದಲ್ಲಿ ಬರೆದಿರುವ ಸರ್ವರಿನ ಹೆಸರು ಈಗಿನ ವಿಳಾಸಕ್ಕೇ ಹೋಗುತ್ತಿದೆಯೇ ಎಂದು ಪರೀಕ್ಷಿಸಬೇಕು. ಹೆಸರಿನಿಂದ ಸಿಕ್ಕದೆ ಅಂಕಿಯ ವಿಳಾಸದಿಂದ ಸಿಕ್ಕಿದರೆ, ದೋಷವು ಹೆಸರನ್ನು ವಿಳಾಸವಾಗಿ ತಿಳಿಸಿಕೊಡುವ ಏರ್ಪಾಡಿನಲ್ಲಿದೆ. ಪಿಂಗ್ ಎಂಬ ಪರೀಕ್ಷೆಗೆ ಉತ್ತರ ಬಾರದಿದ್ದರೂ ಸರ್ವರು ಸತ್ತಿದೆಯೆಂದು ನಿಶ್ಚಯಿಸಬಾರದು. ಕಾವಲಿನ ಫೈರ್‌ವಾಲ್ ಆ ಉತ್ತರವನ್ನು ತಡೆದಿರಬಹುದು.

(೪) ಬಾಗಿಲು.—ಸರ್ವರಿಗೆ ಪೋರ್ಟ್ ಎಂಬ ಅಂಕಿತವಾದ ಬಾಗಿಲುಗಳುಂಟು. ರೂಢಿಯಲ್ಲಿ ಎಸ್‌ಕ್ಯೂಎಲ್ ಸರ್ವರಿಗೆ ೧೪೩೩, ಮೈಎಸ್‌ಕ್ಯೂಎಲ್‌ಗೆ ೩೩೦೬, ಪೋಸ್ಟ್‌ಗ್ರೆಸ್‌ಗೆ ೫೪೩೨, ಒರಾಕಲ್‌ಗೆ ೧೫೨೧. ಇಲ್ಲಿ ಎರಡು ಮಾತುಗಳ ಭೇದವನ್ನು ಚೆನ್ನಾಗಿ ಅರಿಯಬೇಕು. ಸಂಪರ್ಕವನ್ನು ನಿರಾಕರಿಸಲಾಗಿದೆಯೆಂದು ಒಡನೆಯೇ ಉತ್ತರ ಬಂದರೆ, ಸಾಮಾನ್ಯವಾಗಿ ಯಂತ್ರವು ಸಿಕ್ಕಿದೆ, ಆದರೆ ಆ ಬಾಗಿಲಲ್ಲಿ ಯಾರೂ ಇಲ್ಲ. ಸೇವೆಯು ನಿಂತಿರಬಹುದು, ಇಲ್ಲವೆ ಬಾಗಿಲಿನ ಸಂಖ್ಯೆಯು ತಪ್ಪಿರಬಹುದು. ಬಹಳ ಹೊತ್ತು ಕಾದು ವೇಳೆ ಮೀರಿತೆಂದು ಬಂದರೆ, ಹಾದಿಯಲ್ಲಿ ಫೈರ್‌ವಾಲ್ ತಡೆದಿರುವುದೇ ಹೆಚ್ಚು ಸಂಭವ. ಹಾಗೆಂದು ಫೈರ್‌ವಾಲನ್ನೇ ಆರಿಸಿಬಿಡುವುದು ಅಪಾಯಕರ. ಬೇಕಾದ ಗಣಕಕ್ಕೆ ಬೇಕಾದ ಒಂದು ಬಾಗಿಲನ್ನು ಮಾತ್ರ ತೆರೆಯಿಸಿಕೊಳ್ಳತಕ್ಕದ್ದು.

(೫) ದುಭಾಷಿ.—ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವೆ ಡ್ರೈವರ್ ಎಂಬುದು ದುಭಾಷಿಯಂತೆ ಕೆಲಸ ಮಾಡುತ್ತದೆ. ೩೨ ಬಿಟ್ಟಿನ ತಂತ್ರಾಂಶಕ್ಕೆ ೩೨ ಬಿಟ್ಟಿನ ಡ್ರೈವರೂ, ೬೪ಕ್ಕೆ ೬೪ರದೂ ಬೇಕು. ೬೪ ಬಿಟ್ಟಿನ ವಿಂಡೋಸಿನಲ್ಲಿ ಒಡಿಬಿಸಿ ಹೊಂದಿಕೆಯ ಫಲಕಗಳು ಎರಡಿವೆ. ಇವುಗಳಲ್ಲಿ ೬೪ ಬಿಟ್ಟಿನದು ಸಿಸ್ಟಮ್೩೨ ಎಂಬ ಕೋಶದಲ್ಲಿಯೂ, ೩೨ ಬಿಟ್ಟಿನದು ಸಿಸ್‌ವಾವ್೬೪ ಎಂಬ ಕೋಶದಲ್ಲಿಯೂ ಇರುವುದರಿಂದ ಅನೇಕರು ಮೋಸಹೋಗುತ್ತಾರೆ. ಪರೀಕ್ಷೆಯ ಗುಂಡಿ ಒತ್ತಿದಾಗ ಸಂಪರ್ಕವು ಸಫಲವಾಗಿ, ವರದಿಯು ಮಾತ್ರ ಏಳದಿದ್ದರೆ ಈ ಕಾರಣವನ್ನು ಮೊದಲು ನೆನೆಯಬೇಕು.

(೬) ಪ್ರವೇಶ.—ಬಳಕೆದಾರನ ಹೆಸರನ್ನೋ ಗುಪ್ತಪದವನ್ನೋ ಸರ್ವರು ಒಪ್ಪದಿದ್ದರೆ, ಅಲ್ಲಿಯವರೆಗಿನ ಹಾದಿಯೆಲ್ಲ ಸರಿಯಾಗಿದೆಯೆಂದೇ ಅರ್ಥ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಇದರ ದೋಷಸಂಖ್ಯೆ ೧೮೪೫೬. ಕಳ್ಳರಿಗೆ ಸುಳಿವು ಸಿಕ್ಕದಿರಲೆಂದು ಹೊರಗಿನವರಿಗೆ ಕಾರಣವನ್ನು ವಿವರಿಸುವುದಿಲ್ಲ. ಆದರೆ ಸರ್ವರಿನ ದೋಷದ ದಾಖಲೆಯಲ್ಲಿ ಸ್ಥಿತಿ ೫ ಎಂದಿದ್ದರೆ ಅಂಥ ಹೆಸರೇ ಇಲ್ಲವೆಂದೂ, ೮ ಎಂದಿದ್ದರೆ ಗುಪ್ತಪದವು ತಪ್ಪೆಂದೂ ತಿಳಿಯಬೇಕು. ಗುಪ್ತಪದದ ಅವಧಿಯು ತೀರಿರುವುದೂ ಉಂಟು. ವರದಿಗಾಗಿ ಓದುವ ಹಕ್ಕು ಮಾತ್ರವುಳ್ಳ ಪ್ರತ್ಯೇಕ ಹೆಸರನ್ನು ಇಟ್ಟುಕೊಳ್ಳುವುದು ಲೇಸು. ಉಗ್ರಾಣದ ಯಜಮಾನನ ಬೀಗದಕೈಯನ್ನು ವರದಿಗೆ ಕೊಡಕೂಡದು.

(೭) ಸಂಪರ್ಕವಿದ್ದೂ ಪಟ್ಟಿ ಬರಿದಾದರೆ.—ಇದೇ ಎಲ್ಲಕ್ಕಿಂತ ಮೋಸದ ದೋಷ, ಏಕೆಂದರೆ ಯಂತ್ರವು ಏನೂ ದೂರುವುದಿಲ್ಲ. ವರದಿಯು ಅಭ್ಯಾಸಕ್ಕಾಗಿ ಇಟ್ಟ ಬೇರೆ ಡೇಟಾಬೇಸಿನಿಂದ ಓದುತ್ತಿರಬಹುದು. ೫-೬ ಎಂಬ ತಾರೀಖನ್ನು ನಾವು ಜೂನ್ ೫ ಎಂದು ಬರೆದರೆ, ಯಂತ್ರವು ಮೇ ೬ ಎಂದು ಓದುತ್ತಿರಬಹುದು. ತಿಂಗಳ ಲೆಕ್ಕ ಕೇಳಿದಾಗ ಮಾತ್ರ ನಿಂತುಹೋದರೆ, ಪ್ರಶ್ನೆಯು ಭಾರವಾಗಿ ನೇಮಿಸಿದ ಕಾಲಾವಧಿಯು ಮೀರಿದೆಯೆಂದು ತಿಳಿಯಬಹುದು. ಮೊದಲು ಒಂದೇ ದಿನದ ಒಂದೇ ಮಾಲಿನ ಲೆಕ್ಕವನ್ನು ಕೇಳಿ ನೋಡತಕ್ಕದ್ದು.

ಈ ಪರೀಕ್ಷೆಗಳನ್ನು ನಡೆಯಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಅದರಿಂದ ಗುಣ ಕಾಣದಿದ್ದರೆ ಮೊದಲಿದ್ದಂತೆಯೇ ಇಟ್ಟು ಮುಂದಕ್ಕೆ ಹೋಗಬೇಕು. ನಾಲ್ಕನ್ನು ಒಟ್ಟಿಗೆ ತಿರುಗಿಸಿ ಸರಿಪಡಿಸಿದವನಿಗೆ ಯಾವುದರಿಂದ ಸರಿಯಾಯಿತೆಂಬುದು ತಿಳಿಯದು, ಮುಂದಿನ ತಿಂಗಳು ಅದೇ ದೋಷವು ಬಂದಾಗ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುವುದು.

ಕೊನೆಯದಾಗಿ, ದುರಸ್ತಿಯು ನಡೆಯುತ್ತಿರುವಾಗ ಪ್ರಕಟಿಸುವ ವಿಷಯದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಸಂಪರ್ಕ ತಪ್ಪಿದ ದಿನ ಯಶವಂತಪುರದ ಈರುಳ್ಳಿಯ ಆವಕದ ಅಂಕಣದಲ್ಲಿ ಸೊನ್ನೆ ಬಿದ್ದರೆ, ಪೇಟೆಗೆ ಮಾಲೇ ಬಂದಿಲ್ಲ, ಬೆಲೆ ಏರುವುದು ಎಂದು ದೂರದ ರೈತನು ಎಣಿಸಿ ಬಾಡಿಗೆ ಕೊಟ್ಟು ಲಾರಿ ಹೊರಡಿಸಬಹುದು. ನಿನ್ನೆಯ ಧಾರಣೆಯೇ ಇಂದಿನದೆಂದು ಅಚ್ಚಾದರೂ ಅದೇ ನಷ್ಟ. ಆವಕವಿಲ್ಲ ಎಂಬುದು ಬೇರೆ, ಮಾಹಿತಿ ಬಂದಿಲ್ಲ ಎಂಬುದು ಬೇರೆ. ಆದಕಾರಣ ಅಂಥ ದಿನ ಅಂಕಣವನ್ನು ಸೊನ್ನೆಯಿಂದ ತುಂಬದೆ, ಮಾಹಿತಿ ಬಂದಿಲ್ಲವೆಂದು ಸ್ಪಷ್ಟವಾಗಿ ಬರೆದು, ಕಡೆಯ ಸಲ ಅಂಕಿ ಬಂದ ತಾರೀಖನ್ನೂ ವೇಳೆಯನ್ನೂ ನಮೂದಿಸತಕ್ಕದ್ದು. ಪ್ರತಿ ಕಛೇರಿಯಲ್ಲಿಯೂ ಒಂದು ಪುಸ್ತಕವನ್ನು ತೆರೆದು, ದೋಷದ ಮಾತು, ಕಂಡುಬಂದ ಕಾರಣ, ಮಾಡಿದ ದುರಸ್ತಿ ಈ ಮೂರನ್ನೂ ತಾರೀಖು ಸಹಿತ ಬರೆಯುತ್ತ ಬಂದರೆ, ಹೊಸದಾಗಿ ಬಂದ ಗುಮಾಸ್ತರಿಗೂ ಈ ಕೆಲಸವು ಸುಲಭವಾಗುವುದು.